ನಿರ್ವೇದವೂ ಅನಿರ್ವೇದವೂ

ಈಚಿನ ಸಾಹಿತ್ಯವಿಮರ್ಶೆಯಲ್ಲಿಯೂ ಸಭೆಗಳ ಮಾತುಕತೆಯಲ್ಲಿಯೂ ಹೆಚ್ಚಾಗಿ ಕಿವಿಗೆ ಬೀಳುವ ಮಾತುಗಳಲ್ಲಿ ‘ಅವರು ಬತ್ತಿಹೋದರು’ ಎಂಬುದೊಂದು. ಕವಿಯೊಬ್ಬನು ಎರಡು ಒಳ್ಳೆಯ ಸಂಕಲನಗಳನ್ನು ಕೊಟ್ಟು ಅನಂತರ ಐದಾರು ವರ್ಷ ಸುಮ್ಮನಿದ್ದನೆಂದರೆ ಬತ್ತಿಹೋದನೆನ್ನುತ್ತೇವೆ. ನಟನೊಬ್ಬನ ಅಭಿನಯದಲ್ಲಿ ಹಿಂದಿನ ಕಾವು ಕಾಣದಿದ್ದರೆ ಮುಗಿದನೆನ್ನುತ್ತೇವೆ. ಆಡುವವರಿಗೆ ಇದು ಬಾಯಿಮಾತು, ಆಡಿಸಿಕೊಂಡವರಿಗೆ ತೀರ್ಪು. ಇನ್ನೂ ಕಷ್ಟದ ಸಂಗತಿಯೆಂದರೆ, ಅನೇಕ ವೇಳೆ ಈ ತೀರ್ಪನ್ನು ಕಲಾವಿದನು ತಾನೇ ತನ್ನ ಮೇಲೆ ಬರೆದುಕೊಂಡುಬಿಡುತ್ತಾನೆ. ನಮ್ಮ ಜಿಲ್ಲೆಯಲ್ಲಿಯೇ ಮೊದಲ ಪುಸ್ತಕದಿಂದ ಭರವಸೆ ಹುಟ್ಟಿಸಿ ಎರಡನೆಯದನ್ನು ಬರೆಯದೆ ಉಳಿದ ತರುಣರು ಒಬ್ಬಿಬ್ಬರಲ್ಲ. ಅವರನ್ನು ವಿಚಾರಿಸಿದರೆ, ‘ಏನೂ ತೋಚುವುದಿಲ್ಲ, ತೋಚಿದ್ದು ರುಚಿಸುವುದಿಲ್ಲ’ ಎನ್ನುತ್ತಾರೆ.

ಹೀಗಾಗುವುದು ಪ್ರತಿಭೆಯ ನಾಶದಿಂದಲೋ, ಅಥವಾ ಬೇರೊಂದು ಕಾರಣದಿಂದಲೋ? ಬೇರೆ ಕಾರಣದಿಂದಾದರೆ ಅದಕ್ಕೆ ಪರಿಹಾರವುಂಟೋ ಇಲ್ಲವೋ? ಇದು ಕವಿಗಳ ಮನೆವಾರ್ತೆ ಮಾತ್ರವಲ್ಲ, ವಿಮರ್ಶೆಯ ಪ್ರಶ್ನೆಯೂ ಹೌದು. ರೋಗವನ್ನು ತಪ್ಪಾಗಿ ಹೆಸರಿಸಿದ ವೈದ್ಯನು ಹೇಗೋ, ಮೌನವನ್ನು ತಪ್ಪಾಗಿ ಹೆಸರಿಸಿದ ವಿಮರ್ಶಕನೂ ಹಾಗೆಯೇ ಕೇಡು ಮಾಡುತ್ತಾನೆ. ನಮ್ಮ ಆಲಂಕಾರಿಕರು ಈ ವಿಷಯದಲ್ಲಿ ಹೇಳಿರುವುದನ್ನು ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಕೆಲವು ನಿದರ್ಶನಗಳೊಡನೆ ಇಟ್ಟು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಮೊಟ್ಟಮೊದಲನೆಯದೇ ನಿರ್ವೇದ. ಅದರ ಬೆನ್ನಿಗೆ ಗ್ಲಾನಿ. ಮುಂದೆ ಅಸೂಯೆ, ಶ್ರಮ, ಆಲಸ್ಯ, ವಿಷಾದ ಮೊದಲಾದುವು. ನಾವು ‘ಬತ್ತುವಿಕೆ’ ಎಂದು ಒಂದೇ ಮಾತಿನಲ್ಲಿ ಕಟ್ಟಿಹಾಕುವುದನ್ನು ಈ ಪಟ್ಟಿಯ ಬೆಳಕಿನಲ್ಲಿ ನೋಡಿದರೆ, ಅದು ಒಂದು ಅವಸ್ಥೆಯಲ್ಲ, ಹಲವು ಅವಸ್ಥೆಗಳೆಂದು ಸ್ಪಷ್ಟವಾಗುತ್ತದೆ. ಹೆಚ್ಚು ದುಡಿದ ದೇಹದ ದಣಿವು ಶ್ರಮ. ಅದಕ್ಕೆ ವಿಶ್ರಾಂತಿಯೇ ಮದ್ದು. ರೋಗ, ಉಪವಾಸ, ಮನೋವ್ಯಥೆಗಳಿಂದ ಶಕ್ತಿ ಕುಂದುವುದು ಗ್ಲಾನಿ. ಅದಕ್ಕೆ ಪೋಷಣೆ ಬೇಕು. ಮಾಡಬಲ್ಲ ಕೆಲಸಕ್ಕೆ ಕೈಯಿಡದಿರುವುದು ಆಲಸ್ಯ. ಅದಕ್ಕೆ ನಿಯಮವೇ ತಕ್ಕದ್ದು. ಹಿಡಿದ ಕಾರ್ಯ ನೆರವೇರದಾಗ ಹುಟ್ಟುವುದು ವಿಷಾದ; ಅಂಥ ಸಮಯದಲ್ಲಿ ಉತ್ತಮರು ಸಹಾಯಕರನ್ನು ಹುಡುಕುತ್ತಾರೆ, ಉಪಾಯವನ್ನು ಚಿಂತಿಸುತ್ತಾರೆ ಎಂದು ಭರತನೇ ಹೇಳುತ್ತಾನೆ. ಇನ್ನೊಬ್ಬರ ಏಳಿಗೆಯನ್ನು ಸಹಿಸದೆ ತನ್ನ ಲೇಖನಿಯನ್ನು ಕೆಳಗಿಡುವುದು ಅಸೂಯೆ. ನಿರ್ವೇದವು ಇವೆಲ್ಲಕ್ಕಿಂತ ಆಳವಾದದ್ದು. ದಶರೂಪಕಕಾರನು ಅದನ್ನು ತನ್ನನ್ನು ತಾನೇ ಅವಮಾನಿಸಿಕೊಳ್ಳುವ ಭಾವವೆಂದು ವಿವರಿಸುತ್ತಾನೆ. ‘ನಾನು ಬರೆದದ್ದರಿಂದ ಏನಾಯಿತು? ಇನ್ನು ಬರೆದರೆ ಏನಾದೀತು?’ ಎಂಬುದೇ ಅದರ ದನಿ.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೇನೆಂದರೆ, ಶಾಸ್ತ್ರಕಾರನು ಇವನ್ನೆಲ್ಲ ವ್ಯಭಿಚಾರಿಗಳೆಂದು ಕರೆದಿದ್ದಾನೆ. ವ್ಯಭಿಚಾರಿಯೆಂದರೆ ಬಂದುಹೋಗುವುದು, ಸಂಚರಿಸುವುದು. ಅದಕ್ಕೇ ಸಂಚಾರಿಭಾವವೆಂದೂ ಹೆಸರು. ಅಲೆಯು ಸಮುದ್ರವಲ್ಲ. ಕಲಾವಿದನಿಗಾಗಲಿ ಅವನ ವಿಮರ್ಶಕನಿಗಾಗಲಿ ಬರುವ ಅಪಾಯವೆಲ್ಲ ಈ ಸಂಚಾರಿಯನ್ನು ಸ್ಥಾಯಿಯೆಂದು ಭ್ರಮಿಸುವುದರಿಂದ. ಮನೆಗೆ ಬಂದ ಅತಿಥಿಗೆ ಮನೆಯ ಪತ್ರವನ್ನೇ ಬರೆದುಕೊಟ್ಟಂತೆ ಅದು.

ಇನ್ನು ಪರಿಹಾರದ ವಿಚಾರ. ಕ್ರಿ.ಶ. ೯೦೦ರ ಆಸುಪಾಸಿನಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕವಿತ್ವಕ್ಕೆ ಎಂಟು ಮಂದಿ ತಾಯಂದಿರನ್ನು ಹೇಳುತ್ತಾನೆ: ಸ್ವಾಸ್ಥ್ಯ, ಪ್ರತಿಭೆ, ಅಭ್ಯಾಸ, ಭಕ್ತಿ, ವಿದ್ವಾಂಸರೊಡನೆ ಸಂಭಾಷಣೆ, ಬಹುಶ್ರುತತೆ, ಸ್ಮೃತಿದಾರ್ಢ್ಯ, ಅನಿರ್ವೇದ. ಈ ಎಣಿಕೆಯಲ್ಲಿ ಪ್ರತಿಭೆಯು ಎಂಟರಲ್ಲಿ ಒಂದು ಮಾತ್ರ. ದೇಹಮನಸ್ಸುಗಳ ಸ್ವಾಸ್ಥ್ಯವು ಅದಕ್ಕಿಂತ ಮೊದಲು ಬಂದಿದೆ. ಕೊನೆಯಲ್ಲಿ ಅನಿರ್ವೇದ ನಿಂತಿದೆ. ಇಷ್ಟು ದೊಡ್ಡ ಲಾಕ್ಷಣಿಕನು ಎದೆಗುಂದದಿರುವುದನ್ನು ಕಾವ್ಯದ ತಾಯಿಯೆಂದು ಹೆಸರಿಸಬೇಕಾದರೆ, ಎದೆಗುಂದುವುದು ಕವಿಗಳಿಗೆ ಸಹಜವೆಂಬುದು ಅವನಿಗೆ ಚೆನ್ನಾಗಿ ತಿಳಿದಿರಬೇಕು. ಈ ಮಾತು ಅವನಿಗಿಂತಲೂ ಹಳೆಯದು. ಸುಂದರಕಾಂಡದಲ್ಲಿ ಲಂಕೆಯನ್ನೆಲ್ಲ ಹುಡುಕಿಯೂ ಸೀತೆಯನ್ನು ಕಾಣದ ಹನುಮಂತನು ಕುಗ್ಗಿ, ಅನಿರ್ವೇದವೇ ಸಂಪತ್ತಿಗೆ ಮೂಲವೆಂದು ತನಗೆ ತಾನೇ ಹೇಳಿಕೊಂಡು, ಇನ್ನೂ ನೋಡದ ಸ್ಥಳಗಳನ್ನು ನೋಡಲು ಹೊರಡುತ್ತಾನೆ. ಅವನು ಉತ್ಸಾಹ ಬರಲೆಂದು ಕುಳಿತು ಕಾಯಲಿಲ್ಲ. ನೋಡಿದ ಕಡೆಯೇ ಮತ್ತೆ ಮತ್ತೆ ನೋಡಿ ಬಳಲಲೂ ಇಲ್ಲ. ನೋಡದ ಕಡೆಗೆ ನಡೆದನು. ಅನಿರ್ವೇದವೆಂದರೆ ಉಲ್ಲಾಸವಲ್ಲ, ನಡೆ.

ಈ ತತ್ತ್ವಕ್ಕೆ ತುಮಕೂರಿನ ಬಾಗಿಲಲ್ಲಿಯೇ ಒಂದು ದೃಷ್ಟಾಂತವಿದೆ. ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ, ಗೂಳೂರಿನ ಸಮೀಪದಲ್ಲಿ, ಕೈದಾಳವೆಂಬ ಗ್ರಾಮವುಂಟು. ಅದಕ್ಕೆ ಕ್ರೀಡಾಪುರವೆಂದು ಹಳೆಯ ಹೆಸರು. ಶಿಲ್ಪಿ ಜಕಣಾಚಾರಿಯ ಊರು ಅದೆಂದು ಐತಿಹ್ಯ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದ ಶಿಲೆಯಲ್ಲಿ ದೋಷವುಂಟೆಂದು ಒಬ್ಬ ತರುಣನು ತೋರಿಸಿದನು. ವಿಗ್ರಹಕ್ಕೆ ಗಂಧ ಲೇಪಿಸಿದಾಗ ನಾಭಿಯ ಬಳಿ ಮಾತ್ರ ಅದು ಒಣಗಲಿಲ್ಲ. ಅಲ್ಲಿ ಉಳಿಯಿಡಲು ಕಪ್ಪೆಯೊಂದು ಹೊರಬಿತ್ತು. ಜಕಣಾಚಾರಿಯು ತನ್ನ ಬಲಗೈಯನ್ನು ತಾನೇ ಕಡಿದುಕೊಂಡನು. ಆ ತರುಣನು ತನ್ನ ಮಗನೇ ಎಂದು ಅನಂತರ ತಿಳಿಯಿತು. ಮುಂದೆ, ಸ್ವಂತ ಊರಿನಲ್ಲಿ ಚೆನ್ನಕೇಶವನಿಗೆ ಗುಡಿ ಕಟ್ಟೆಂದು ದೈವಾಜ್ಞೆಯಾಗಿ, ಅವನು ಹಾಗೆಯೇ ಕಟ್ಟಲು, ಹೋದ ಕೈ ಮರಳಿ ಬಂದಿತು. ಊರಿಗೆ ಕೈದಾಳವೆಂದು ಹೆಸರಾಯಿತು.

ಇದನ್ನು ಚರಿತ್ರೆಯೆಂದು ಹೇಳುವಂತಿಲ್ಲ. ೧೧೧೭ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದಲ್ಲಿ ಹೆಸರು ಕೆತ್ತಿಕೊಂಡ ರೂವಾರಿಗಳು ಬೇರೆ; ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು ಅಲ್ಲಿ ದೊರೆಯುತ್ತವೆ. ಆದರೂ ಐತಿಹ್ಯವು ಒಂದು ಜನತೆಯ ಕಲಾಮೀಮಾಂಸೆ. ಆ ದೃಷ್ಟಿಯಿಂದ ಇದನ್ನು ಓದಬೇಕು. ಶಿಲ್ಪಿಯು ಕಡಿದುಕೊಂಡದ್ದು ಏನನ್ನು? ತಪ್ಪು ಮಾಡಿದ ಕಣ್ಣನ್ನಲ್ಲ, ಪಣ ತೊಟ್ಟ ನಾಲಗೆಯನ್ನಲ್ಲ. ಕೆಲಸ ಮಾಡುವ ಕೈಯನ್ನು. ಸ್ವಾವಮಾನನವೆಂದು ಶಾಸ್ತ್ರವು ಹೇಳಿದ ನಿರ್ವೇದಕ್ಕೆ ಇದಕ್ಕಿಂತ ತಕ್ಕ ಚಿತ್ರ ಬೇರೊಂದಿಲ್ಲ. ಒಂದು ಕೃತಿಯಲ್ಲಿ ಕಂಡ ಒಂದು ದೋಷಕ್ಕಾಗಿ ಕವಿಯು ತನ್ನ ಕವಿತ್ವವನ್ನೇ ಕಡಿದುಕೊಳ್ಳುವುದನ್ನು ನಾವು ಇಂದಿಗೂ ನೋಡುತ್ತಿದ್ದೇವೆ.

ಕಥೆಯ ಉತ್ತರಭಾಗವು ಇನ್ನೂ ಅರ್ಥವತ್ತಾಗಿದೆ. ಕೈ ಬಂದಮೇಲೆ ಅವನು ಗುಡಿ ಕಟ್ಟಲಿಲ್ಲ. ಗುಡಿ ಕಟ್ಟಿದಮೇಲೆ ಕೈ ಬಂದಿತು. ‘ಶಕ್ತಿ ಮರಳಲಿ, ಆಗ ಕೆಲಸ ಹಿಡಿಯುತ್ತೇನೆ’ ಎನ್ನುವವರಿಗೆಲ್ಲ ಈ ಕ್ರಮವೇ ಉತ್ತರ. ಕೈಯಿಲ್ಲದವನು ಹೇಗೆ ಕಟ್ಟಿದನೆಂಬುದನ್ನು ಕಥೆ ಹೇಳುವುದಿಲ್ಲ. ಪರರ ಕೈಗಳನ್ನು ನಡೆಸಿ ಕಟ್ಟಿರಬೇಕೆಂದು ಊಹಿಸಬಹುದು. ಎರಡನೆಯದಾಗಿ, ಅವನು ಮರಳಿ ಬೇಲೂರಿಗೆ ಹೋಗಲಿಲ್ಲ; ಚಿಕ್ಕ ಊರಿನಲ್ಲಿ, ರಾಜಸಭೆಯ ಕಣ್ಣಿಲ್ಲದ ಕಡೆ, ಚಿಕ್ಕ ಗುಡಿಯನ್ನು ಕಟ್ಟಿದನು. ದೊಡ್ಡ ಕೃತಿಯ ಸೋಲು ದೊಡ್ಡ ಕೃತಿಯಿಂದಲೇ ತೀರಬೇಕೆಂಬ ಹಟವಿಲ್ಲ. ಇನ್ನು ಶಾಸನಗಳು ಕೊಡುವ ದಾಸೋಜ ಚಾವಣರ ಸಂಗತಿಯಾದರೋ ಕಥೆಗಿಂತ ಮೃದುವಾದದ್ದು. ಅಲ್ಲಿ ತಂದೆಯೂ ಮಗನೂ ಒಂದೇ ದೇವಾಲಯದಲ್ಲಿ ಕೆಲಸ ಮಾಡಿ ಇಬ್ಬರೂ ಹೆಸರು ಬರೆದುಕೊಂಡಿದ್ದಾರೆ. ಮಗನ ಜಾಣ್ಮೆಯು ತಂದೆಯ ಸೋಲಾಗಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಐತಿಹ್ಯದಿಂದ ಚರಿತ್ರೆಗೆ ಬರೋಣ. ಒಂದೇ ಕೆಲಸವನ್ನು ಪುನಃ ಪುನಃ ಮಾಡುವುದರಿಂದ ಕಲೆ ಸಾಯುತ್ತದೆ ಎಂಬುದು ಈಚೆಗೆ ಸಾಮಾನ್ಯವಾದ ಅಭಿಪ್ರಾಯ. ಇದು ನಿಜವಾಗಿದ್ದರೆ ವೃತ್ತಿನಾಟಕದ ನಟನಷ್ಟು ಬೇಗ ಬತ್ತಬೇಕಾದವನು ಬೇರೊಬ್ಬನಿಲ್ಲ. ಒಂದೇ ನಾಟಕ, ಒಂದೇ ಪಾತ್ರ, ಒಂದೇ ಹಾಡು. ಊರು ಮಾತ್ರ ಬೇರೆ. ಗುಬ್ಬಿಯ ಆರಾಧ್ಯದೈವವಾದ ಚನ್ನಬಸವೇಶ್ವರನ ಹೆಸರಿನಲ್ಲಿ ೧೮೮೪ರಲ್ಲಿ ಕಟ್ಟಿದ ನಾಟಕಸಂಘಕ್ಕೆ ಬಾಲಕನಾಗಿದ್ದಾಗಲೇ ಸೇರಿ, ಮುಂದೆ ಅದರ ಯಜಮಾನರಾಗಿ, ಗುಬ್ಬಿ ಕಂಪೆನಿಯೆಂದರೆ ತಾವೇ ಎಂಬಂತಾದ ವೀರಣ್ಣನವರು (೧೮೯೧–೧೯೭೨) ಇಡೀ ಬಾಳನ್ನು ಈ ಆವೃತ್ತಿಯಲ್ಲಿಯೇ ಕಳೆದರು. ‘ಸದಾರಮೆ’ ನಾಟಕದ ಕಳ್ಳನ ಪಾತ್ರವನ್ನು ಅವರು ಎಷ್ಟು ರಾತ್ರಿ ಮಾಡಿದರೋ ಲೆಕ್ಕವಿಟ್ಟವರಾರು? ಆದರೂ ಜನರು ಅದನ್ನೇ ಮತ್ತೆ ಮತ್ತೆ ನೋಡಲು ಬರುತ್ತಿದ್ದರು. ಇದರ ರಹಸ್ಯವೇನು?

ಒಂದು ಕಾರಣ ನಾಟಕದ ಕಟ್ಟಿನಲ್ಲಿಯೇ ಇದೆ. ಕಂಪೆನಿ ನಾಟಕದಲ್ಲಿ ರಾಜನ ಮಾತೂ ರಂಗಗೀತೆಯೂ ಗೊತ್ತಾದ ಚೌಕಟ್ಟು. ಹಾಸ್ಯಗಾರನ ಭಾಗ ಮಾತ್ರ ಬಯಲು. ಅವನು ಆಯಾ ಊರಿನ ಸುದ್ದಿಯನ್ನು, ಆಯಾ ದಿನದ ಬೆಲೆಯನ್ನು, ಮುಂದಿನ ಸಾಲಿನಲ್ಲಿ ಕುಳಿತವನ ತೂಕಡಿಕೆಯನ್ನು ಕೂಡ ತನ್ನ ಮಾತಿಗೆ ಎಳೆದುಕೊಳ್ಳಬಹುದು. ಸ್ಥಿರವಾದದ್ದರ ನಡುವೆ ಪ್ರತಿರಾತ್ರಿಯೂ ಒಂದಿಷ್ಟು ಬಯಲನ್ನು ಉಳಿಸಿಕೊಂಡದ್ದರಿಂದ ಆವೃತ್ತಿಯು ಜಡವಾಗಲಿಲ್ಲ. ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ ಹೇಳುವುದೂ ಇದನ್ನೇ: ಹಿಂದೆ ಕಂಡ ಅರ್ಥಗಳೇ ರಸದ ಸಂಪರ್ಕದಿಂದ ವಸಂತದ ಮರಗಳಂತೆ ಹೊಸವಾಗಿ ತೋರುತ್ತವೆ. ಮರ ಹಳೆಯದು, ಬೇರು ಹಳೆಯದು. ಚಿಗುರು ಮಾತ್ರ ಹೊಸದು. ಪಾಠಶಾಲೆಯಲ್ಲಿ ಓದಿದವರಿಗೂ ಈ ಅನುಭವವುಂಟು. ಅಮರಕೋಶವನ್ನು ಬಾಯಿಪಾಠವಾಗಿ ಹೇಳುತ್ತ ಹೇಳುತ್ತ ಅರ್ಥ ತಿಳಿಯದೆ ಕಳೆದ ದಿನಗಳೆಷ್ಟೋ. ಒಂದು ದಿನ ಕಾಳಿದಾಸನನ್ನು ಓದುವಾಗ ಅದೇ ಪದವು ಎದುರಿಗೆ ಬಂದು ಕಣ್ಣು ತೆರೆಯುತ್ತದೆ. ಆವೃತ್ತಿಯು ಶತ್ರುವಲ್ಲ; ಬಯಲಿಲ್ಲದ ಆವೃತ್ತಿ ಶತ್ರು.

ಎರಡನೆಯ ಕಾರಣ, ಒಂದು ಕೈ ಸೋತಾಗ ಇನ್ನೊಂದು ಕೈಯಿಂದ ಅದೇ ಕಲೆಯ ಸೇವೆ ಮಾಡಿದ್ದು. ವೀರಣ್ಣನವರು ನಟರಾಗಿದ್ದುದಷ್ಟೇ ಅಲ್ಲ. ಸಂಘವನ್ನು ನಡೆಸಿದರು, ನಾಟಕಮಂದಿರಗಳನ್ನು ಕಟ್ಟಿದರು, ‘ಕುರುಕ್ಷೇತ್ರ’ಕ್ಕಾಗಿ ರಂಗದ ಮೇಲೆ ಆನೆ ಕುದುರೆಗಳನ್ನು ತಂದರು, ಚಲಚ್ಚಿತ್ರಕ್ಕೂ ಕೈಹಾಕಿದರು. ೧೯೫೪ರಲ್ಲಿ ತೆರೆಗೆ ಬಂದ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲಿ ಗುಬ್ಬಿಯವರ ಸಂಸ್ಥೆಯದು ಮುಖ್ಯ ಪಾತ್ರ. ಮೂರನೆಯ ಕಾರಣ, ಅವರು ಒಬ್ಬಂಟಿಗರಾಗಿರಲಿಲ್ಲ. ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಮೊದಲಾದವರು ಆ ಸಂಘದಲ್ಲಿ ಬೆಳೆದವರು. ಬಾಲನಟರಾಗಿ ಬಂದ ಬಿ. ವಿ. ಕಾರಂತರನ್ನು ವೀರಣ್ಣನವರು ಕಾಶಿಗೆ ಕಳುಹಿಸಿ ಓದಿಸಿದರು. ತನ್ನ ಬೆಳಕು ಮಂಕಾದ ರಾತ್ರಿ ಪಕ್ಕದವನ ಬೆಳಕಿನಲ್ಲಿ ಆಟ ಸಾಗುವುದು ಸಂಘದ ಗುಣ. ಕೋಣೆಯಲ್ಲಿ ಒಂಟಿಯಾಗಿ ಕುಳಿತ ಇಂದಿನ ಕವಿಗೆ ಈ ಭಾಗ್ಯವಿಲ್ಲ. ಅವನ ಒಂದು ಕೆಟ್ಟ ರಾತ್ರಿಯು ಪ್ರಳಯದಂತೆ ಕಾಣುತ್ತದೆ.

ವೀರಣ್ಣನವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಈ ಹೆಸರಿನಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಕಾಯಕವು ಕಾಯದಿಂದ ಮಾಡುವಂಥದ್ದು. ಅದು ಮನಸ್ಸಿನ ಏರಿಳಿತವನ್ನು ಕೇಳಿ ಹೊರಡುವುದಿಲ್ಲ. ನುಲಿಯ ಚಂದಯ್ಯನಿಗೆ ಹಗ್ಗ ಹೊಸೆಯಲು ಸ್ಫೂರ್ತಿ ಬೇಕಾಗಿರಲಿಲ್ಲ. ಕಾಯಕದಲ್ಲಿ ಫಲವು ದಾಸೋಹಕ್ಕೆ ಸಲ್ಲುತ್ತದೆ. ಆದ್ದರಿಂದ ‘ಇದರಿಂದ ನನಗೇನಾಯಿತು’ ಎಂಬ ನಿರ್ವೇದದ ಪ್ರಶ್ನೆಗೆ ಅಲ್ಲಿ ನಿಲ್ಲಲು ನೆಲವೇ ಇಲ್ಲ.

ಕಾಯಕದ ಮಾತು ಬಂದದ್ದರಿಂದ ಶರಣರ ಪರಂಪರೆಯನ್ನೇ ಮೂರನೆಯ ನಿದರ್ಶನವಾಗಿ ತೆಗೆದುಕೊಳ್ಳೋಣ. ಬಳಲಿಕೆಯು ವ್ಯಕ್ತಿಗೆ ಮಾತ್ರವಲ್ಲ, ಪರಂಪರೆಗೂ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ತುಂಬಿ ಹರಿದ ವಚನವಾಹಿನಿಯು ಅನಂತರ ಬಹುಕಾಲ ಕ್ಷೀಣವಾಯಿತು. ಅದು ಮತ್ತೆ ಚಿಗುರಿದ ಸ್ಥಳಗಳಲ್ಲಿ ಕುಣಿಗಲು ತಾಲ್ಲೂಕಿನ ಎಡೆಯೂರು ಒಂದು. ಅಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗಯತಿಗಳು ತಾವೂ ಏಳುನೂರಕ್ಕೆ ಮಿಕ್ಕ ವಚನಗಳನ್ನು ರಚಿಸಿದರು. ಅವರ ಶಿಷ್ಯಪರಂಪರೆಯು ಹಳೆಯ ವಚನಗಳನ್ನು ಹುಡುಕಿ, ಕೂಡಿಸಿ, ಕ್ರಮಗೊಳಿಸಿ, ಟೀಕೆ ಬರೆಯುವ ಮಹಾಕಾರ್ಯವನ್ನು ಕೈಗೊಂಡಿತು. ಶೂನ್ಯಸಂಪಾದನೆಯು ನಾಲ್ಕು ಕೈಗಳಲ್ಲಿ ನಾಲ್ಕು ಸಲ ಸಂಪಾದಿತವಾಯಿತು. ಕೊನೆಯದನ್ನು ಮಾಡಿದವರು ಗೂಳೂರು ಸಿದ್ಧವೀರಣಾರ್ಯರು. ಇವರು ಪರರ ವಚನಗಳನ್ನು ಪೋಣಿಸಿದವರೇ ಹೊರತು ಸ್ವತಂತ್ರ ಕವಿಗಳಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಆ ಪೋಣಿಸುವಿಕೆಯಿಂದ ಕನ್ನಡಕ್ಕೆ ದೊರೆತ ಸಂವಾದರೂಪದ ಗ್ರಂಥಕ್ಕೆ ಹಿಂದೆ ಉಪಮಾನವಿಲ್ಲ. ತನ್ನ ಮಾತು ಹುಟ್ಟದ ಕಾಲದಲ್ಲಿ ಹಿರಿಯರ ಮಾತನ್ನು ಶುದ್ಧವಾಗಿ ಬರೆದಿಡುವುದು, ಹೊಂದಿಸುವುದು, ವಿವರಿಸುವುದು ಕಾಲಹರಣವಲ್ಲ, ಅದೇ ಬೇಸಾಯ.

ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ೧೮೮೪ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಮಾಡಿದ್ದೂ ಇದರದೇ ಇನ್ನೊಂದು ಬಗೆ. ಷಟ್ಪದಿಯ ಸವೆದ ದಾರಿಯಲ್ಲಿ ಕನ್ನಡ ಕವಿತೆ ಏದುಸಿರು ಬಿಡುತ್ತಿದ್ದ ಕಾಲವದು. ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ೧೯೧೧ರಲ್ಲಿ ಧಾರವಾಡದಲ್ಲಿ ಉಪನ್ಯಾಸ ಮಾಡಿದ ಅವರು, ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಗ್ರಹವನ್ನು ಹೊರತಂದರು. ಅವರ ಸ್ವತಂತ್ರ ಕವನಗಳು ಸ್ವಲ್ಪವೇ. ಆದರೆ ಭಾಷಾಂತರದ ಈ ಒಂದು ಪುಸ್ತಕವು ಇಡೀ ಭಾಷೆಯ ಬಳಲಿಕೆಯನ್ನು ಕಳೆಯಿತು. ಪರಭಾಷೆಯ ಲಯವನ್ನು ಹೊರಲು ಹೋಗಿ ಕನ್ನಡವು ತನ್ನಲ್ಲಿಯೇ ಇದ್ದ, ಮರೆತಿದ್ದ ನಡಿಗೆಗಳನ್ನು ಕಂಡುಕೊಂಡಿತು.

ಈ ಮಾತು ಒಬ್ಬ ಕವಿಯ ಬಾಳಿನಲ್ಲಿಯೂ ಸತ್ಯವೆಂಬುದಕ್ಕೆ ಜಿಲ್ಲೆಯ ಎಲ್ಲೆಯನ್ನು ದಾಟಿ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರನ್ನು ನೆನೆಯಬೇಕು. ೧೯೪೨ರ ‘ಮೈಸೂರ ಮಲ್ಲಿಗೆ’ಯು ಅವರಿಗೆ ಕೀರ್ತಿಯನ್ನೂ ತಂದಿತು, ಸೆರೆಯನ್ನೂ ತಂದಿತು. ಓದುಗರು ಮುಂದಿನ ಪ್ರತಿಯೊಂದು ಪುಸ್ತಕವನ್ನೂ ಆ ಮಲ್ಲಿಗೆಯ ತಕ್ಕಡಿಯಲ್ಲಿಯೇ ತೂಗಿದರು. ೧೯೬೦ರ ‘ಮನೆಯಿಂದ ಮನೆಗೆ’ ಆದಮೇಲೆ ‘ತೆರೆದ ಬಾಗಿಲು’ ಬರುವುದಕ್ಕೆ ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಡುವೆ ಅವರ ಲೇಖನಿ ಪೂರ್ತಿ ಒಣಗಿರಲಿಲ್ಲ. ಮಾರ್ಕ್ ಟ್ವೇನನ ಹಕಲ್‌ಬೆರಿ ಫಿನ್ನನನ್ನು ಕನ್ನಡಕ್ಕೆ ತರುವಂಥ ಕೆಲಸಗಳು ನಡೆದಿದ್ದುವು. ಕೊನೆಗೆ ಬಂದ ‘ತೆರೆದ ಬಾಗಿಲು’ ಮಲ್ಲಿಗೆಯ ಮರುಹೂವಲ್ಲ. ದನಿ ಬೇರೆ, ನೋಟ ಬೇರೆ. ಅದಕ್ಕೆ ೧೯೭೭ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಗೌರವ ದೊರೆಯಿತು. ಎಂಬತ್ತನ್ನು ದಾಟಿದಮೇಲೂ ಆ ಕವಿಯಿಂದ ಹಲವು ಸಂಕಲನಗಳು ಬಂದುವು. ಆ ಮೌನದ ನಡುವೆ ಯಾರಾದರೂ ‘ಬತ್ತಿಹೋದರು’ ಎಂದು ಬರೆದಿದ್ದರೆ, ಕಾಲವು ಅವರನ್ನು ಎಲ್ಲಿ ನಿಲ್ಲಿಸುತ್ತಿತ್ತು?

ಈ ವಾದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ‘ಪಂಪನು ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ಭಾರತವನ್ನು ಆರು ತಿಂಗಳಲ್ಲಿಯೂ ಮುಗಿಸಿದೆನೆನ್ನುತ್ತಾನೆ, ನಿಜವಾದ ಪ್ರತಿಭೆಗೆ ಬಳಲಿಕೆಯೆಲ್ಲಿ?’ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನ ಪಂಪನಲ್ಲಿಯೇ ಇದೆ. ಅವನು ಒಂದರಲ್ಲಿ ಆಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗಿದನು. ಒಂದೇ ಹೊಲದಲ್ಲಿ ಒಂದೇ ಪೈರನ್ನು ಎರಡು ಸಲ ತೆಗೆಯಲಿಲ್ಲ. ಅಲ್ಲದೆ ತಿಂಗಳುಗಳ ಲೆಕ್ಕ ಬರೆದದ್ದಕ್ಕೆ ಮಾತ್ರ; ಓದಿದ್ದಕ್ಕೆ, ಕಂಡದ್ದಕ್ಕೆ, ಸುಮ್ಮನಿದ್ದದ್ದಕ್ಕೆ ಲೆಕ್ಕವಿಲ್ಲ.

‘ಹಸಿದ ಕಲಾವಿದನಿಗೆ ಈ ಉಪದೇಶದಿಂದೇನು?’ ಎಂಬುದು ಎರಡನೆಯದು. ಈ ಆಕ್ಷೇಪಕ್ಕೆ ನಾನು ಪೂರ್ತಿಯಾಗಿ ತಲೆಬಾಗುತ್ತೇನೆ. ಚಲಚ್ಚಿತ್ರವು ಬೆಳೆದಂತೆ ವೃತ್ತಿನಾಟಕಸಂಘಗಳು ಒಂದೊಂದಾಗಿ ಕುಸಿದಾ‌ಗ, ಅನೇಕ ನಟರು ರಂಗವನ್ನು ಬಿಟ್ಟದ್ದು ನಿರ್ವೇದದಿಂದಲ್ಲ, ಅನ್ನಕ್ಕಾಗಿ. ಅದನ್ನು ಬತ್ತುವಿಕೆಯೆನ್ನುವುದು ಅನ್ಯಾಯ. ಅವರಿಗೆ ಅನಿರ್ವೇದವನ್ನು ಬೋಧಿಸುವುದು ಕ್ರೌರ್ಯ. ಎಂಟು ತಾಯಂದಿರಲ್ಲಿ ಸ್ವಾಸ್ಥ್ಯವನ್ನು ಮೊದಲಿಟ್ಟ ರಾಜಶೇಖರನಿಗೆ ಇದು ತಿಳಿದಿತ್ತು. ಹಾಗೆಯೇ ದೇಹ ಕುಂದಿದವನಿಗೂ ಮನಸ್ಸು ರೋಗಕ್ಕೆ ಸಿಕ್ಕವನಿಗೂ ಬೇಕಾದವನು ವೈದ್ಯ, ವಿಮರ್ಶಕನಲ್ಲ.

ಮೂರನೆಯ ಆಕ್ಷೇಪ ಸೂಕ್ಷ್ಮವಾದದ್ದು. ನಿರ್ವೇದವನ್ನು ಮಮ್ಮಟನು ಶಾಂತರಸಕ್ಕೆ ಸ್ಥಾಯಿಯೆಂದು ಹೇಳಿದ್ದಾನಲ್ಲ, ಅದನ್ನು ಕಳೆಯಬೇಕೇಕೆ? ಅಲ್ಲಿ ಹೇಳಿದ್ದು ತತ್ತ್ವಜ್ಞಾನದಿಂದ ಹುಟ್ಟಿದ ನಿರ್ವೇದ. ಹೇಳುವುದನ್ನೆಲ್ಲ ಹೇಳಿ, ತುಂಬಿದ ಮನಸ್ಸಿನಿಂದ ಲೇಖನಿಯನ್ನು ಕೆಳಗಿಟ್ಟವನುಂಟು. ಅವನ ಮೌನವನ್ನು ಗೌರವಿಸಬೇಕು. ಅವನಿಂದ ಇನ್ನೊಂದು ಪುಸ್ತಕವನ್ನು ಬೇಡುವುದು ಉಂಡೆದ್ದವನಿಗೆ ಮತ್ತೆ ಎಲೆ ಹಾಕಿದಂತೆ. ಎರಡು ಮೌನಗಳನ್ನು ಬೇರ್ಪಡಿಸುವ ಗುರುತು ಸುಲಭ: ತತ್ತ್ವದಿಂದ ಸುಮ್ಮನಾದವನು ಪರರ ಒಳ್ಳೆಯ ಕೃತಿಯನ್ನು ಕಂಡು ಸಂತೋಷಪಡುತ್ತಾನೆ, ನಿರ್ವೇದದಿಂದ ಸುಮ್ಮನಾದವನಿಗೆ ಅದೂ ನೋವಾಗುತ್ತದೆ.

ಹಾಗಾದರೆ ಬಳಲಿದ ಕಲಾವಿದನು ಮಾಡತಕ್ಕದ್ದೇನು? ರಾಜಶೇಖರನು ಕವಿಯ ದಿನಚರಿಯನ್ನು ಎಂಟು ಯಾಮಗಳಾಗಿ ಹಂಚಿದ್ದಾನೆ. ಬೆಳಗಿನ ಮೊದಲ ಯಾಮ ವಿದ್ಯೆಗಳ ಅಧ್ಯಯನಕ್ಕೆ, ಎರಡನೆಯದು ಕಾವ್ಯರಚನೆಗೆ, ಭೋಜನವಾದ ಮೇಲೆ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ಬೆಳಿಗ್ಗೆ ಬರೆದುದರ ಪರೀಕ್ಷೆ, ಏಕೆಂದರೆ ರಸಾವೇಶದಲ್ಲಿ ಬರೆಯುವಾಗ ವಿವೇಚನೆಯ ಕಣ್ಣು ತೆರೆದಿರುವುದಿಲ್ಲ, ರಾತ್ರಿಯ ಮೊದಲ ಯಾಮದಲ್ಲಿ ಪರೀಕ್ಷಿಸಿದ್ದನ್ನು ಶುದ್ಧವಾಗಿ ಬರೆಯುವುದು, ಮುಂದಿನ ಎರಡು ಯಾಮ ಗಾಢನಿದ್ರೆ. ಎಂಟರಲ್ಲಿ ಹೊಸದಾಗಿ ಕಟ್ಟುವುದಕ್ಕೆ ಒಂದೇ ಒಂದು. ನಿದ್ರೆಗೆ ಅದರ ಎರಡರಷ್ಟು! ಇಂದಿನ ಬರಹಗಾರನು ಬರೆಯುವುದೊಂದನ್ನೇ ಕವಿಕರ್ಮವೆಂದು ಬಗೆದು, ಬರೆಯದ ಘಳಿಗೆಯನ್ನೆಲ್ಲ ಪಾಪವೆಂದು ಎಣಿಸುತ್ತಾನೆ. ಬರೆದ ಘಳಿಗೆಯಲ್ಲಿಯೇ ಪರೀಕ್ಷೆಗೂ ತೊಡಗಿ, ಮೊಳಕೆಯನ್ನು ಕಿತ್ತು ಬೇರು ನೋಡುತ್ತಾನೆ. ತೋಚದಿದ್ದರೂ ಏಳು ಯಾಮಗಳ ಕೆಲಸ ಅವನಿಗೆ ಉಳಿದಿದೆ. ಓದಬಹುದು, ಗೋಷ್ಠಿಯಲ್ಲಿ ಕೂರಬಹುದು, ಹಳೆಯದನ್ನು ತಿದ್ದಬಹುದು, ಹಿರಿಯರದನ್ನು ನಕಲು ಮಾಡಬಹುದು, ಭಾಷಾಂತರಿಸಬಹುದು, ಮಕ್ಕಳಿಗೆ ಹೇಳಿಕೊಡಬಹುದು, ನಿದ್ರೆ ಮಾಡಬಹುದು.

ಕುಣಿಗಲಿನ ದೊಡ್ಡ ಕೆರೆ ತುಂಬಿದಾಗಿನ ಚೆಲುವನ್ನು ಜನಪದರು ಹಾಡಿ ನಾಡಿಗೆಲ್ಲ ಪ್ರಸಿದ್ಧಗೊಳಿಸಿದ್ದಾರೆ. ಆದರೆ ನಮ್ಮ ಸೀಮೆಯ ಕೆರೆಗಳೆಲ್ಲ ವರ್ಷವಿಡೀ ತುಂಬಿರುವುವಲ್ಲ. ಬೇಸಗೆಯಲ್ಲಿ ಅಂಗಳ ಬಿಟ್ಟ ಕೆರೆಯನ್ನು ನೋಡಿ ರೈತನು ಕೆರೆ ಸತ್ತಿತೆಂದು ಅಳುತ್ತ ಕೂರುವುದಿಲ್ಲ. ಗಾಡಿ ಕಟ್ಟಿಕೊಂಡು ಬಂದು ಗೋಡು ಹೊಡೆಯುತ್ತಾನೆ. ತುಂಬಿದ ಕೆರೆಯಿಂದ ತೆಗೆಯಲಾಗದ ಆ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ, ಹೂಳು ಹೋದ ಕೆರೆಗೆ ಮುಂದಿನ ಮಳೆಯಲ್ಲಿ ಹೆಚ್ಚು ನೀರು ಹಿಡಿಯುತ್ತದೆ. ಕೀರ್ತಿ, ರೂಢಿಯಾದ ಶೈಲಿ, ಹಳೆಯ ಚಪ್ಪಾಳೆ, ಇವೆಲ್ಲ ಕಲಾವಿದನ ತಳದಲ್ಲಿ ಕುಳಿತ ಹೂಳು. ಅದನ್ನು ತೆಗೆಯಲು ಸಿಕ್ಕುವ ಕಾಲವೇ ಬತ್ತಿದ ಕಾಲ.

ಕಡೆಯದಾಗಿ ಸಹೃದಯರಲ್ಲಿ ಒಂದು ವಿಜ್ಞಾಪನೆ. ನಿರ್ವೇದವನ್ನು ಕಲಾವಿದನು ಒಬ್ಬನೇ ತಂದುಕೊಳ್ಳುವುದಿಲ್ಲ. ಅರ್ಧವನ್ನು ನಾವು ಕೊಡುತ್ತೇವೆ. ಮೊದಲ ಕೃತಿಯನ್ನು ಆಕಾಶಕ್ಕೆತ್ತಿ, ಎರಡನೆಯದು ಅದರಂತಿಲ್ಲವೆಂದು ಮುಖ ತಿರುಗಿಸಿ, ಮೂರನೆಯದಕ್ಕೆ ಕಾಯುವ ತಾಳ್ಮೆಯಿಲ್ಲದೆ ಹೊಸ ಹೆಸರನ್ನು ಹುಡುಕುವ ಓದುಗರೂ, ದೋಷವನ್ನು ತೋರಿಸಿ ಗುಣವನ್ನು ಹೇಳಲು ಮರೆಯುವ ವಿಮರ್ಶಕರೂ, ಆ ಉಳಿಯನ್ನು ಶಿಲ್ಪಿಯ ಕೈಯ ಮೇಲೆಯೇ ಇಡುತ್ತಾರೆ. ಕಪ್ಪೆಯಿದ್ದರೆ ತೋರಿಸಲೇಬೇಕು, ಅದು ವಿಮರ್ಶೆಯ ಧರ್ಮ. ಆದರೆ ಕಪ್ಪೆಯಿರುವುದು ಒಂದು ಕಲ್ಲಿನಲ್ಲಿ ಎಂಬುದನ್ನೂ ಕೂಡಲೇ ಹೇಳಬೇಕು. ನಮ್ಮ ಗೋಷ್ಠಿಗಳಲ್ಲಿ ಬಹುದಿನ ಸುಮ್ಮನಿರುವ ಬರಹಗಾರನು ಬಂದು ಹಿಂದಿನ ಸಾಲಿನಲ್ಲಿ ಕುಳಿತಾಗ, ‘ಹೊಸ ಪುಸ್ತಕ ಯಾವಾಗ?’ ಎಂದು ಕೇಳುವುದನ್ನು ಬಿಟ್ಟು, ‘ಈಗ ಏನು ಓದುತ್ತಿದ್ದೀರಿ?’ ಎಂದು ಕೇಳೋಣ. ಅವನು ಓದುತ್ತಿರುವುದನ್ನು ಕುರಿತು ಮುಂದಿನ ತಿಂಗಳು ನಾಲ್ಕು ಮಾತು ಆಡಬೇಕೆಂದು ಬೇಡೋಣ. ಮಿಕ್ಕದ್ದನ್ನು ಅವನ ಕೈ ತಾನೇ ನೋಡಿಕೊಳ್ಳುತ್ತದೆ.